ಕವಡೆಯಿಲ್ಲದ ಆಟ

ಮಳೆ ಹಿಂದೆಗೆದ ವರ್ಷ ನಮ್ಮ ಹಳ್ಳಿಗಳಲ್ಲಿ ವಿರಾಟಪರ್ವವನ್ನು ಓದಿಸುವ ರೂಢಿಯುಂಟು. ಗದುಗಿನ ವೀರನಾರಾಯಣನ ಗುಡಿಯಲ್ಲಿ ಕುಮಾರವ್ಯಾಸನು ಒರಗಿ ಕುಳಿತು ಭಾರತವನ್ನು ಬರೆದನೆಂದು ತೋರಿಸುವ ಕಂಬವನ್ನು ಕಂಡು ಬಂದ ವಾಚಕರಿಗೆ ಆ ಪರ್ವದ ಸೊಗಸನ್ನು ನಾವು ಹೇಳಬೇಕಾಗಿಲ್ಲ. ಭೀಮನು ಅಡಿಗೆಯವನಾದನು, ಅರ್ಜುನನು ನಾಟ್ಯ ಕಲಿಸುವ ಬೃಹನ್ನಳೆಯಾದನು, ದ್ರೌಪದಿಯು ಹೆರಳು ಹಾಕುವ ಸೈರಂಧ್ರಿಯಾದಳು. ಆದರೆ ಆ ವೇಷಗಳೆಲ್ಲವೂ ಜೂಜಿನಲ್ಲಿ ಸೋತುದಕ್ಕೆ ತೆತ್ತ ದಂಡ. ದಾಳ ಬಿದ್ದ ಮೇಲೆ ವೇಷ ಬಂದಿತು. ಈ ತಿಂಗಳು ನಾವು ಹೇಳಹೊರಟ ಆಟದಲ್ಲಿ ವೇಷವುಂಟು, ದಾಳವಿಲ್ಲ.

ಇದು ಜಪಾನ ದೇಶದ ಆಟ. 2006ರಲ್ಲಿ ಕಾಮಿಯಾ ರ್ಯೋ ಎಂಬವರು ರಚಿಸಿದರು. ಯೂವನ್ ಕ್ಲೂನಿ ಎಂಬವರು ಇಂಗ್ಲಿಷಿಗೆ ತಂದ ಪುಸ್ತಕವು 2013ರಲ್ಲಿ ‘ಗೋಲ್ಡನ್ ಸ್ಕೈ ಸ್ಟೋರೀಸ್’ ಎಂಬ ಹೆಸರಿನಿಂದ ಹೊರಬಂದಿತು. ಮಣೆಯಿಲ್ಲ, ಕಾಯಿಗಳಿಲ್ಲ, ನಾಲ್ಕಾರು ಜನ ಸುತ್ತಲೂ ಕುಳಿತು ಬಾಯಿಂದಲೇ ಆಡತಕ್ಕದ್ದು. ಒಬ್ಬರು ಸೂತ್ರಧಾರರಾಗಿ ಊರನ್ನೂ ಊರವರನ್ನೂ ನಡೆಸುವರು. ಉಳಿದವರು ನರಿ, ಬೆಕ್ಕು, ನಾಯಿ, ಮೊಲ, ಹಕ್ಕಿ ಮೊದಲಾದ ಒಂದೊಂದು ಪ್ರಾಣಿಯಾಗುವರು. ಆ ಪ್ರಾಣಿಗಳಿಗೆ ಮನುಷ್ಯರೂಪವನ್ನು ತಾಳುವ ಮಾಯೆ ಗೊತ್ತು. ಬಲ ಸಾಲದಾದರೆ ರೂಪವು ಪೂರ್ತಿ ಕೂಡಿಬರದೆ ಕಿವಿಯೋ ಬಾಲವೋ ಹಾಗೆಯೇ ಉಳಿಯುವದು. ಮಕ್ಕಳಿಗೆ ಎಲ್ಲಕ್ಕೂ ಮಿಗಿಲಾಗಿ ರುಚಿಸುವದು ಇದೇ. ಕೊಲ್ಲುವದಿಲ್ಲ, ಗೆಲ್ಲುವದೂ ಇಲ್ಲ. ಊರಲ್ಲಿ ಯಾರಿಗೋ ಒದಗಿದ ಸಣ್ಣ ತೊಂದರೆಯನ್ನು ಬಿಡಿಸುವದೇ ಕಥೆ. ಒಬ್ಬರ ನಡೆ ಇನ್ನೊಬ್ಬರ ಮನಸ್ಸಿಗೆ ಹಿತವೆನಿಸಿದರೆ ಅವರಿಗೆ ಒಂದು ‘ಕನಸು’ ಕೊಡಬೇಕು. ಕನಸುಗಳಿಂದ ನಂಟು ಬಲಿಯುವದು, ನಂಟು ಬಲಿತಷ್ಟು ಮಾಯೆಯ ಬಲವೂ ಹೆಚ್ಚುವದು. ನಾವು ಕನಸಿಗೆ ಹುಣಿಸೆಬೀಜಗಳನ್ನು ಇಟ್ಟುಕೊಂಡೆವು.

ಇಂಥ ಆಟಗಳಿಗೆಲ್ಲ ಹಿರಿಯದಾದ ‘ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್’ 1974ರಲ್ಲಿ ಅಮೇರಿಕೆಯಲ್ಲಿ ಹೊರಟಿತು. ಅದರಲ್ಲಿ ಇಪ್ಪತ್ತು ಮುಖದ ದಾಳವೂ ಕತ್ತಿ ಕಾಳಗವೂ ಬಹಳ. ನಮ್ಮ ಬೆಟಗೇರಿಯ ಮನೆಗೆ ಅದು ಒಗ್ಗಲಿಲ್ಲ. ಮನೆಯ ಹುಡುಗಿಯೊಬ್ಬಳು ಸೋಲಿಗೆ ಅಂಜಿ ಆಟವನ್ನೇ ಬಿಟ್ಟಿದ್ದಳು. ಕವಡೆಯ ಸದ್ದು ಕೇಳಿದರೆ ಸಾಕು, ಅಡಿಗೆಯ ಮನೆ ಸೇರಿ ಬಾಗಿಲ ಹಿಂದೆ ನಿಲ್ಲುವಳು. ಅವಳನ್ನು ಪಡಸಾಲೆಗೆ ಕರೆತರುವದೇ ನಮ್ಮ ಉದ್ದೇಶವಾಗಿತ್ತು.

ನಮ್ಮ ಸೀಮೆಗೆ ಜಪಾನದ ನರಿಯೇಕೆ? ಮುಂಡರಗಿ, ಶಿರಹಟ್ಟಿ, ಗದಗ ತಾಲೂಕುಗಳಿಗೆ ಹಬ್ಬಿದ ಕಪ್ಪತಗುಡ್ಡದಲ್ಲಿ ತೋಳವಿದೆ, ಕತ್ತೆಕಿರುಬವಿದೆ; 2019ರಲ್ಲಿ ಸರಕಾರವು ಅದನ್ನು ವನ್ಯಜೀವಿಧಾಮವೆಂದು ಸಾರಿತು. ಲಕ್ಷ್ಮೇಶ್ವರದ ಹಳೆಯ ಹೆಸರು ಪುಲಿಗೆರೆ, ಅಂದರೆ ಹುಲಿಯ ಕೆರೆ. ಮೊಹರಮ್ಮಿನಲ್ಲಿ ಮೈಗೆ ಬಣ್ಣ ಬಳಿದುಕೊಂಡು ಕುಣಿಯುವ ಹುಲಿವೇಷಗಳನ್ನು ಕಂಡ ಹುಡುಗನು ಬೇರೆ ಪ್ರಾಣಿಯನ್ನು ಒಪ್ಪಲೇ ಇಲ್ಲ. ಹುಡುಗಿಯು ಬಹಳ ಹೊತ್ತು ಯೋಚಿಸಿ ಮಾಗಡಿ ಕೆರೆಯ ಬಾತನ್ನು ಆರಿಸಿಕೊಂಡಳು. ಶಿರಹಟ್ಟಿಯ ಕಡೆಯ ಆ ಕೆರೆಗೆ ಪ್ರತಿ ಚಳಿಗಾಲದಲ್ಲಿಯೂ ಹಿಮಾಲಯವನ್ನು ದಾಟಿ ಪಟ್ಟೆತಲೆಯ ಬಾತುಗಳು ಬರುವವು. 2024ರಲ್ಲಿ ಕೆರೆಯು ರಾಮ್ಸಾರ್ ಪಟ್ಟಿಗೂ ಸೇರಿತು. ಬಿಳಿಯ ತಲೆಯ ಹಿಂಬದಿಯಲ್ಲಿ ಎರಡು ಕರಿಯ ಪಟ್ಟಿಗಳು, ಇದೇ ಆ ಹಕ್ಕಿಯ ಗುರುತು. ಕೆರೆಯಲ್ಲಿ ತಂಗಿ ಸುತ್ತಲಿನ ಹೊಲಗಳಲ್ಲಿ ಮೇಯುವ ಅವುಗಳನ್ನು ನೋಡಲು ದೂರದೂರದಿಂದ ಜನ ಬರುವರು. ಹೊಲದವನಿಗೆ ಅಷ್ಟು ಸಂತೋಷವಿರಲಾರದು.

ನಮ್ಮ ಹಿರಿಯರ ಹೊಲವು ಆ ಕೆರೆಯ ಮಗ್ಗುಲಲ್ಲಿಯೇ ಇರುವದು. ಅವರು ಕಂಬಳಿಯ ಮೇಲೆ ಕುಳಿತು ಕೇಳುತ್ತಿದ್ದರು. ಸೂತ್ರಧಾರರಾದ ನಾವು, ಬಾತುಗಳು ಮೇಯ್ದ ಕಡಲೆಯ ಹೊಲವನ್ನು ಕಥೆಯಲ್ಲಿ ತಂದು, “ಒಕ್ಕಲಿಗನಾರು?” ಎನ್ನುವಷ್ಟರಲ್ಲಿ, “ನಾ ಆಗ್ತೇನಿ” ಎಂದು ಮುಂದೆ ಸರಿದರು. ನಮಗೆ ಎದೆ ಹಾರಿತು. ಆ ಹಕ್ಕಿಗಳನ್ನು ಅವರು ಬೈಯದ ಚಳಿಗಾಲವಿಲ್ಲ. ಹುಡುಗಿಯ ಬಳಿ ಬಲ ಸಾಲದೆ ತಲೆಯ ಪಟ್ಟಿಗಳು ಉಳಿದಿದ್ದವು.

“ಯಾ ಊರಾಕಿ ನೀ, ತಂಗಿ?”

“ಭಾಳ ದೂರದಾಕಿ, ಅಜ್ಜಾ. ಗುಡ್ಡದಾಚಿಂದ ಬಂದೇನಿ.”

“ತಲಿ ಮ್ಯಾಲೆ ಆ ಕರಿ ಪಟ್ಟಿ ಏನು?”

ಸಿಕ್ಕಿಬಿದ್ದಳು. ಇನ್ನು ಎದ್ದು ಒಳಗೆ ಓಡುವಳೆಂದು ನಾವೆಲ್ಲರೂ ಬಗೆದೆವು. ಹುಡುಗಿಯು ಸೆರಗಿನಂತೆ ತಲೆಯ ಮೇಲೆ ಎಳೆದುಕೊಂಡಿದ್ದ ಟವೆಲನ್ನು ತೆಗೆದು ಮಡಿಲಲ್ಲಿಟ್ಟುಕೊಂಡಳು.

“ನಿಮ್ಮ ಕಡ್ಲಿ ತಿಂದಾಕಿ ನಾನ, ಅಜ್ಜಾ.”

“ಕೇಳಿ ತಿಂದಿದ್ರ ಬ್ಯಾಡ ಅಂತಿದ್ನೇನು?”

“ಕೇಳಾಕ ಬಾಯಿ ಇದ್ದಿದ್ದಿಲ್ಲ. ಇವತ್ತ ಬಂತು.”

ಹಿರಿಯರು ಮಾತಾಡಲಿಲ್ಲ. ತಟ್ಟೆಯಿಂದ ಒಂದು ಹುಣಿಸೆಬೀಜವನ್ನು ತೆಗೆದರು, ಮತ್ತೊಂದನ್ನು ತೆಗೆದರು, ಕೊನೆಗೆ ಒಂದು ಮುಷ್ಟಿ ಅವಳ ಮುಂದೆ ಸುರಿದರು. ಒಂದೇ ಕನಸು ಕೊಡಬೇಕೆಂದು ನಿಯಮವನ್ನು ನೆನಪಿಸಲು ಹುಲಿಯು ಬಾಯ್ತೆರೆಯಿತು. ನಾವು ಕಣ್ಣಿನಿಂದ ಗದರಿಸಿದೆವು.

“ಬದುವಿನ ಕಡೆ ಎರಡು ಸಾಲು ನಿನಗ. ನಡು ಹೊಲಕ್ಕ ಕಾಲಿಟ್ಟಿ ಅಂದ್ರ ನೋಡು ಮತ್ತ.”

ಈ ಆಟವನ್ನು ಮನೆಯಲ್ಲಿ ಹೂಡಬಯಸುವವರಿಗೆ ನಮ್ಮ ಸೂಚನೆ ಒಂದೇ: ಮಕ್ಕಳು ತಡವರಿಸುವಾಗ ಮಾತನ್ನು ನೀವು ಹೇಳಿಕೊಡಬೇಡಿರಿ. ಹುಣಿಸೆಬೀಜ ಮಾತ್ರ ಹೆಚ್ಚಾಗಿಯೇ ಇರಲಿ.

ಮುಂದಿನ ಶನಿವಾರ ದೀಪ ಹಚ್ಚುವ ಮೊದಲೇ ಹಿರಿಯರು ಬಂದು ಕಂಬಳಿ ಹಾಸಿ ಕುಳಿತಿದ್ದರು. ಹುಡುಗಿಯು ಹುಣಿಸೆಬೀಜಗಳನ್ನು ಎಣಿಸಿ ತಟ್ಟೆಗೆ ಹಾಕುತ್ತಿದ್ದಳು. “ನನಗ ಈ ಸಲ ತ್ವಾಳ ಕೊಡ್ರಿ” ಎಂದರು.