ಒಂದು ಹಿಡಿ ಗೊಬ್ಬರ

ಪ್ರೀತಿಯಿಂದ ಕೊಟ್ಟದ್ದೆಲ್ಲ ಪಡೆದವರಿಗೆ ಹಿತವೇ ಆಗಬೇಕೆಂಬ ನಿಯಮವಿಲ್ಲ. ಈ ಮಾತನ್ನು ನಾನು ಯಾವ ಗ್ರಂಥದಿಂದಲೂ ಕಲಿತವನಲ್ಲ. ಕಳೆದ ಆಷಾಢದಲ್ಲಿ ನಮ್ಮ ಕಾಲೇಜಿನ ಅಂಗಳದಲ್ಲಿ ನೆಟ್ಟ 24 ಹೂಗಿಡಗಳು ಇದನ್ನು ನನಗೆ ಕಲಿಸಿದವು. ತಪ್ಪು ನನ್ನದೇ ಆದುದರಿಂದ ಅದನ್ನು ಗುರುಗಳ ಮತ್ತು ಸಹಪಾಠಿಗಳ ಮುಂದೆ ಹೇಳಲು ನನಗೆ ಸಂಕೋಚವಿಲ್ಲ.

14 ದಾಸವಾಳ, 10 ಕಣಗಿಲೆ. ನೀರು ಹಾಕುವ ಕೆಲಸವನ್ನು ನಾನೇ ಕೇಳಿ ಪಡೆದಿದ್ದೆ. ಗಿಡಗಳು ವಾರ್ಷಿಕೋತ್ಸವದ ಹೊತ್ತಿಗೆ ಹೂಬಿಡಬೇಕೆಂಬ ಆಸೆಯಿಂದ, ಊರಿಗೆ ಹೋದಾಗ ಮನೆಯಲ್ಲಿ ಉಳಿದಿದ್ದ ಯೂರಿಯಾವನ್ನು ಕೈಚೀಲದಲ್ಲಿ ತಂದು, ಒಂದೊಂದು ಗಿಡದ ಬುಡಕ್ಕೆ ಒಂದೊಂದು ಹಿಡಿ ಹಾಕಿದೆ. ಯಾರನ್ನೂ ಕೇಳಲಿಲ್ಲ. ನಾಲ್ಕನೆಯ ದಿನ ನೋಡಿದರೆ ಎಲೆಗಳ ಅಂಚು ಬೆಂಕಿ ತಾಗಿದಂತೆ ಕಂದಿತ್ತು. ಮಣ್ಣು ಹಸಿಯಾಗಿದ್ದರೂ ಗಿಡಗಳು ಜೋತುಬಿದ್ದಿದ್ದವು. ಹಸಿವೆಯಿಂದ ಬಾಡಿವೆಯೆಂದೇ ಭಾವಿಸಿ ನಾನು ಇನ್ನೊಂದು ಹಿಡಿ ಗೊಬ್ಬರ ಕೈಗೆತ್ತಿಕೊಂಡೆ.

ಅಂದು ರೊಟ್ಟಿಗಂಟು ಕೊಡಲು ಕುಷ್ಟಗಿ ಕಡೆಯ ನಮ್ಮೂರಿನಿಂದ ಬಂದಿದ್ದ ತಂದೆಯವರು ನನ್ನ ಕೈ ಹಿಡಿದು ನಿಲ್ಲಿಸಿದರು. “ತಮ್ಮಾ, ಸುಟ್ಟ ಗಾಯಕ್ಕ ಮತ್ತ ಬೆಂಕಿ ಹಚ್ಚತೀಯೇನು?” ಎಂದರು.

ನನ್ನ ತಂದೆಯವರಿಗೆ ಅಕ್ಷರ ಬಾರದು. ಹಲವು ವರುಷ ಗಂಗಾವತಿಯ ಗದ್ದೆಗಳಲ್ಲಿ ನಾಟಿ ಹಚ್ಚುವ ಕೂಲಿ ಮಾಡಿ ನನ್ನನ್ನು ಓದಿಸಿದವರು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಯೂರಿಯಾದಲ್ಲಿ ನೂರಕ್ಕೆ 46 ಪಾಲು ಸಾರಜನಕವಿದೆಯೆಂದು ಚೀಲದ ಮೇಲೆಯೇ ಅಚ್ಚಾಗಿರುತ್ತದೆ. ಓದಲು ಬಾರದವರು ಅನುಭವದಿಂದ ತಿಳಿದುದನ್ನು, ಓದಬಲ್ಲ ನಾನು ಕಣ್ಣೆತ್ತಿಯೂ ನೋಡಿರಲಿಲ್ಲ. ಅಂದು ನನಗಾದ ನಾಚಿಕೆ ಪರೀಕ್ಷೆಯಲ್ಲಿ ನಪಾಸಾದರೂ ಆಗುತ್ತಿರಲಿಲ್ಲ.

ಗಿಡ ಬಾಡಿದ ಕಾರಣ ಸರಳವಾದುದು. ಗೊಬ್ಬರವೂ ಬೇರಿನ ಬಳಿ ಲವಣದಂತೆಯೇ ವರ್ತಿಸುತ್ತದೆ. ಉಪ್ಪು ಹಾಕಿದ ಮಾವಿನಕಾಯಿ ನೀರು ಬಿಡುವುದನ್ನು ನಾವೆಲ್ಲರೂ ನೋಡಿದ್ದೇವೆ. ಬೇರಿನ ಸುತ್ತ ಲವಣ ಹೆಚ್ಚಾದರೆ ಬೇರು ನೀರನ್ನು ಹೀರಲಾರದು, ತನ್ನೊಳಗಿನದನ್ನೂ ಬಿಟ್ಟುಕೊಡುತ್ತದೆ. ಇದರ ಮೇಲೆ, ಯೂರಿಯಾ ಮಣ್ಣಿನಲ್ಲಿ ಕೆಲವೇ ದಿನಗಳಲ್ಲಿ ಅಮೋನಿಯವಾಗಿ ಮಾರ್ಪಟ್ಟು ಎಳೆಯ ಬೇರನ್ನು ಸುಡುತ್ತದೆ. ಆಗ ತಾನೇ ನೆಟ್ಟ ಗಿಡಕ್ಕೆ ಬೇರೇ ಇನ್ನೂ ಊರಿರುವುದಿಲ್ಲವಾದ್ದರಿಂದ ಅದು ತಾಳಲಾರದು.

ತಂದೆಯವರು ಹೇಳಿದಂತೆ ಕಣ್ಣಿಗೆ ಕಂಡ ಹರಳುಗಳನ್ನು ಆರಿಸಿ, ಮೇಲಿನ ಎರಡು ಬೆರಳಷ್ಟು ಮಣ್ಣನ್ನು ಕೆರೆದು ತೆಗೆದೆವು. ಪಾತಿಯ ಒಂದು ಬದಿಗೆ ನೀರು ಹೊರಹೋಗಲು ದಾರಿ ಮಾಡಿದೆವು. ನಿಧಾನವಾಗಿ ನೀರು ಹಾಕುವುದು, ಅದು ಇಂಗಿ ಬಸಿದ ಮೇಲೆ ಮತ್ತೆ ಹಾಕುವುದು: ಹೀಗೆ ಆ ದಿನ ಮೂರು ಸಲ, ಮುಂದಿನ ಎರಡು ದಿನ ಒಂದೊಂದು ಸಲ. ನಮ್ಮ ಅಂಗಳದ್ದು ಮಸಾರಿ ಮಣ್ಣಾದುದರಿಂದ ನೀರು ಬೇಗ ಬಸಿಯಿತು. ಯಲಬುರ್ಗಾ ಕಡೆಯ ಎರಿ ಮಣ್ಣಾಗಿದ್ದರೆ ನೀರು ನಿಂತು ಬೇರು ಉಸಿರುಗಟ್ಟುತ್ತಿತ್ತು. ಅಲ್ಲಿ ಗಿಡವನ್ನು ಜೋಪಾನವಾಗಿ ಕಿತ್ತು ಹೊಸ ಮಣ್ಣಿನಲ್ಲಿ ನೆಡುವುದೇ ಮೇಲು. ಅರ್ಧ ಹಸಿರಿದ್ದ ಎಲೆಗಳನ್ನು ಕತ್ತರಿಸಲಿಲ್ಲ. ಆ ಅರ್ಧವೇ ಗಿಡಕ್ಕೆ ಅನ್ನ ಬೇಯಿಸಬೇಕಷ್ಟೆ. ಬಿಸಿಲಿಗೆ ಗೋಣಿತಾಟಿನ ನೆರಳು ಕಟ್ಟಿ, ಹೊಸ ಚಿಗುರು ಬಲಿಯುವವರೆಗೆ ಯಾವ ಗೊಬ್ಬರವನ್ನೂ ಮುಟ್ಟಲಿಲ್ಲ.

ಲವಣವನ್ನು ತಡೆಯುವ ಶಕ್ತಿಯುಳ್ಳ ಕಣಗಿಲೆಗಳು ಹತ್ತೂ ಬದುಕಿದವು. ದಾಸವಾಳಗಳಲ್ಲಿ 9 ಚಿಗುರಿದವು, 5 ಸತ್ತವು. ಹಾಕಿದ ದಿನವೇ ತೊಳೆದಿದ್ದರೆ ಬಹುಶಃ ಅವೂ ಉಳಿಯುತ್ತಿದ್ದವು. ಒಂದು ಹಿಡಿ ತಪ್ಪನ್ನು ತೊಳೆಯಲು ಎಷ್ಟು ಕೊಡ ನೀರು ಹೊತ್ತೆವೆಂಬುದನ್ನು, ನೀರಿನ ಬೆಲೆ ಬಲ್ಲ ಈ ಸೀಮೆಯವರಿಗೆ ವಿವರಿಸಬೇಕಾಗಿಲ್ಲ.

ಇದು 24 ಗಿಡಗಳ ಕಥೆ ಮಾತ್ರವೆಂದು ತಿಳಿಯಕೂಡದು. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದ ತರುವಾಯ ಎಡದಂಡೆ ಕಾಲುವೆಯ ನೀರು ಗಂಗಾವತಿ ಸೀಮೆಯನ್ನು ಭತ್ತದ ಕಣಜವನ್ನಾಗಿ ಮಾಡಿತು. ನನ್ನ ವಿದ್ಯೆಯೂ ಆ ನೀರಿನ ಋಣವೇ. ಆದರೆ ಮಿತಿಮೀರಿ ನೀರುಣಿಸಿದ, ಬಸಿಯಲು ದಾರಿಯಿಲ್ಲದ ಎಷ್ಟೋ ಹೊಲಗಳಲ್ಲಿ ಅಂತರ್ಜಲ ಮೇಲೇರಿ, ಲವಣ ಮೇಲೆ ಬಂದು, ಭೂಮಿ ಸವಳು ಜವಳಾಯಿತು. ಇಂಥ ಭೂಮಿಯನ್ನು ಸುಧಾರಿಸುವ ಬಗೆಯನ್ನು ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಅಭ್ಯಸಿಸುತ್ತಾರೆ. ಅವರು ಹೇಳುವ ಉಪಾಯಗಳಲ್ಲಿ ಬಸಿಗಾಲುವೆ ಮುಖ್ಯವಾದುದು. ನಮ್ಮ ಪಾತಿಗೆ ಮಾಡಿದ ದಾರಿಯೂ ಅದೇ ತತ್ತ್ವದ್ದು. ಕೊಡುವುದರ ಜೊತೆಗೆ ಹೆಚ್ಚಾದುದು ಹೊರಹೋಗಲು ಎಡೆಯೂ ಇರಬೇಕು.

ಕಲಾ ವಿಭಾಗದ ವಿದ್ಯಾರ್ಥಿಗೆ ಗೊಬ್ಬರದ ಗೊಡವೆ ಏಕೆಂದು ಕೆಲವು ಮಿತ್ರರು ಕೇಳಿದ್ದುಂಟು. ನನ್ನ ಉತ್ತರವಿಷ್ಟೆ: ನಮ್ಮಲ್ಲಿ ಬಹುಮಂದಿ ಒಕ್ಕಲುತನದ ಮನೆಗಳಿಂದ ಬಂದವರು. ಇತರ ಗೊಬ್ಬರಗಳಿಗಿಂತ ಯೂರಿಯಾ ಅಗ್ಗವಾದುದರಿಂದ ಅದನ್ನೇ ಹೆಚ್ಚು ಹಾಕುವ ರೂಢಿ ನಮ್ಮ ಊರುಗಳಲ್ಲಿದೆ. ಅದರ 45 ಕಿಲೋಗ್ರಾಂ ಚೀಲದಲ್ಲಿ ಸುಮಾರು 20 ಕಿಲೋಗ್ರಾಂ 700 ಗ್ರಾಂ ಸಾರಜನಕವಿದೆಯೆಂಬ ಲೆಕ್ಕಕ್ಕೆ ವಿಜ್ಞಾನದ ಪದವಿ ಬೇಕಿಲ್ಲ. 2015ರಲ್ಲಿ ಆರಂಭವಾದ ಯೋಜನೆಯಂತೆ ರೈತರಿಗೆ ಮಣ್ಣು ಆರೋಗ್ಯ ಚೀಟಿಗಳನ್ನು ಕೊಡಲಾಗಿದೆ. ಓದುವವರಿಲ್ಲದೆ ಆ ಚೀಟಿ ಜಂತಿಯ ಸಂದಿಯಲ್ಲಿ ಉಳಿದರೆ ಅದರಿಂದ ಪ್ರಯೋಜನವೇನು? ರಜೆಯಲ್ಲಿ ಊರಿಗೆ ಹೋದಾಗ ನಾವು ಮಾಡಬಹುದಾದ ಮೊದಲ ಸೇವೆ, ಮನೆಯವರ ಮುಂದೆ ಕುಳಿತು ಆ ಚೀಟಿಯನ್ನೂ ಚೀಲದ ಮೇಲಿನ ಬರಹವನ್ನೂ ಓದಿ ಹೇಳುವುದು. ಹೇಳಿದ ಮೇಲೆ ಅವರು ಹೇಳುವುದನ್ನೂ ಕೇಳುವುದು. ನನ್ನ ಗಿಡಗಳನ್ನು ಉಳಿಸಿದ್ದು ಈ ಎರಡನೆಯದೇ.

ಕಣಗಿಲೆಗಳು ಈಗ ಹೂಬಿಟ್ಟಿವೆ. ಸತ್ತ ಐದು ದಾಸವಾಳಗಳ ಗುಂಡಿಗಳು ಹಾಗೆಯೇ ಇವೆ. ಮುಂದಿನ ಮಳೆಗಾಲಕ್ಕೆ ನಾನು ಇಲ್ಲಿರುವುದಿಲ್ಲ. ಕಿರಿಯ ಮಿತ್ರರು ಅಲ್ಲಿ ಹೊಸ ಗಿಡಗಳನ್ನು ನೆಡಲಿ. ಬೇರೂರುವವರೆಗೆ ಅವಕ್ಕೆ ನೀರು, ನೆರಳು ಸಾಕು.