ಪಾರ್‌ಫೋಕಲ್ ಅಂತ ಬರೆದಿದ್ರೆ ಸಾಕಾ?

ನಮ್ಮ ಖಗೋಳ ಕ್ಲಬ್‌ನಲ್ಲಿ ಈಗ ಒಂದೇ ಚರ್ಚೆ. ಈ ವರ್ಷದ ಫಂಡ್‌ನಲ್ಲಿ ಹೊಸ ನ್ಯಾರೋಬ್ಯಾಂಡ್ ಫಿಲ್ಟರ್ ತಗೋಬೇಕಾ, ಇಲ್ಲ ಟೆಲಿಸ್ಕೋಪ್‌ಗೆ ಮೋಟಾರ್ ಫೋಕಸರ್ ಹಾಕಿಸಬೇಕಾ? ಜಾಸ್ತಿ ಜನ ಫಿಲ್ಟರ್ ಪರ. ನಾನು ಮೋಟಾರ್ ಪರ. ಫಿಲ್ಟರ್ ಬಂದ್ರೆ ಹೊಸ ಬಣ್ಣದ ಫೋಟೋ ಬರುತ್ತೆ, ಇನ್‌ಸ್ಟಾಗ್ರಾಮ್‌ನಲ್ಲಿ ಲೈಕ್ ಬೀಳುತ್ತೆ. ಮೋಟಾರ್ ಬಂದ್ರೆ ನೋಡೋರಿಗೆ ಏನೂ ಹೊಸದು ಕಾಣಲ್ಲ. ಆದರೂ ನನ್ನ ವೋಟು ಅದಕ್ಕೇ.

ಕ್ಲಬ್‌ಗೆ ಬರದವರಿಗೆ ಒಂದು ಮಾತು. ನಾವು ಬಳಸೋ ಮೊನೊ ಕ್ಯಾಮೆರಾಗೆ ಬಣ್ಣ ಗೊತ್ತಾಗಲ್ಲ. ಅದರ ಮುಂದೆ ಫಿಲ್ಟರ್ ವೀಲ್ ತಿರುಗಿಸಿ, ಕೆಂಪು, ಹಸಿರು, ನೀಲಿ ಮೂರರಲ್ಲೂ ಬೇರೆ ಬೇರೆ ಎಕ್ಸ್‌ಪೋಶರ್ ತೆಗೆದು, ಆಮೇಲೆ ಲ್ಯಾಪ್‌ಟಾಪ್‌ನಲ್ಲಿ ಸೇರಿಸ್ತೀವಿ. ಫಿಲ್ಟರ್ ಬದಲಾದಾಗ ಮತ್ತೆ ಫೋಕಸ್ ಮಾಡಬೇಕಾ ಅಂದ್ರೆ ಎಲ್ಲರ ಉತ್ತರ ಒಂದೇ: 'ಬೇಡ ಗುರು, ಡಬ್ಬಿ ಮೇಲೆ ಪಾರ್‌ಫೋಕಲ್ ಅಂತ ಬರೆದಿದೆ ನೋಡು.'

ಬರೆದಿರೋದು ಸುಳ್ಳಲ್ಲ. ಆದರೆ ಅದು ಫಿಲ್ಟರ್ ಗಾಜಿನ ಬಗ್ಗೆ ಮಾತ್ರ ಹೇಳೋ ಮಾತು. ಬೆಳಕಿನ ದಾರಿಯಲ್ಲಿ ಗಾಜು ಅಡ್ಡ ಬಂದ್ರೆ ಫೋಕಸ್ ಹಿಂದಕ್ಕೆ ಹೋಗುತ್ತೆ, ಹೆಚ್ಚುಕಮ್ಮಿ ಗಾಜಿನ ದಪ್ಪದ ಮೂರನೇ ಒಂದು ಭಾಗದಷ್ಟು. ಒಂದು ಸೆಟ್‌ನ ಎಲ್ಲಾ ಫಿಲ್ಟರ್ ಒಂದೇ ದಪ್ಪ ಇದ್ರೆ ಈ ಜರುಗೋದೂ ಒಂದೇ ಇರುತ್ತೆ. ಪಾರ್‌ಫೋಕಲ್ ಅಂದ್ರೆ ಇಷ್ಟೇ. ಈಗ ನಾವು ಬೇರೆ ಕಂಪನಿಯ ನ್ಯಾರೋಬ್ಯಾಂಡ್ ತಗೊಂಡ್ವಿ ಅಂದ್ಕೊಳ್ಳಿ. ಹಳೇದು 2 ಮಿಲಿಮೀಟರ್, ಹೊಸದು 3 ಮಿಲಿಮೀಟರ್ ದಪ್ಪ ಇದ್ರೆ ವ್ಯತ್ಯಾಸ ಸುಮಾರು 330 ಮೈಕ್ರಾನ್.

330 ಮೈಕ್ರಾನ್ ಏನ್ ಮಹಾ ಅನ್ಸಬಹುದು. ಫೋಕಸ್ ಸರಿಯಿದೆ ಅಂತ ಒಪ್ಪಬಹುದಾದ ಜಾಗದ ಉದ್ದಕ್ಕೆ ಸಾಮಾನ್ಯವಾಗಿ ಬಳಸೋ ಒಂದು ಸೂತ್ರ ಇದೆ: 4.88 ಗುಣಿಸು ತರಂಗಾಂತರ ಗುಣಿಸು ಎಫ್ ಸಂಖ್ಯೆಯ ವರ್ಗ. ಎಫ್/6 ಟೆಲಿಸ್ಕೋಪ್‌ಗೆ, ಅರ್ಧ ಮೈಕ್ರಾನ್ ತರಂಗಾಂತರದ ಬೆಳಕಿಗೆ, ಅದು ಸುಮಾರು 88 ಮೈಕ್ರಾನ್. ಅಂದ್ರೆ ಆ ಕಡೆ 44, ಈ ಕಡೆ 44. ತಲೆಗೂದಲಿನ ದಪ್ಪದ ಲೆಕ್ಕ ಇದು.

ಇನ್ನು ಟೆಲಿಸ್ಕೋಪ್‌ನ ಲೆನ್ಸ್. ಗಾಜು ನೀಲಿ ಬೆಳಕನ್ನ ಕೆಂಪಿಗಿಂತ ಜಾಸ್ತಿ ಬಗ್ಗಿಸುತ್ತೆ, ಫಸ್ಟ್ ಇಯರ್ ಫಿಸಿಕ್ಸ್‌ನಲ್ಲಿ ಓದಿದ್ದೇ. ಎರಡು ಗಾಜಿನ ಆಕ್ರೊಮ್ಯಾಟ್ ಎರಡು ಬಣ್ಣಗಳನ್ನ ಒಂದೇ ಜಾಗಕ್ಕೆ ತರುತ್ತೆ, ಅಪೊಕ್ರೊಮ್ಯಾಟ್ ಮೂರನ್ನ. ಉಳಿದ ಬಣ್ಣಗಳು ಸ್ವಲ್ಪ ಆಚೀಚೆ ಇದ್ದೇ ಇರ್ತವೆ. ಇದನ್ನ ಯಾವ ಫಿಲ್ಟರ್ ಡಬ್ಬಿಯೂ ಸರಿಮಾಡಲ್ಲ. (ಕನ್ನಡಿ ಟೆಲಿಸ್ಕೋಪ್‌ನವರು ನಗಬೇಡಿ. ಕನ್ನಡಿಗೆ ಈ ದೋಷ ಇಲ್ಲ ನಿಜ, ನಿಮ್ಮ ಕೋಮಾ ಕರೆಕ್ಟರ್ ಗಾಜಿನದೇ ಅಲ್ವಾ?)

ಇದರಿಂದ ನಷ್ಟ ಏನು? ಕೃತ್ತಿಕೆ ನಕ್ಷತ್ರಗಳನ್ನ ತಗೊಳ್ಳಿ. ಅವುಗಳ ಸುತ್ತ ಇರೋ ನೀಲಿ ಮಬ್ಬು ನಿಜವಾದದ್ದು, ನಕ್ಷತ್ರದ ಬೆಳಕನ್ನ ಧೂಳು ಚದುರಿಸಿ ಆಗಿರೋದು. ಈಗ ನೀಲಿ ಫಿಲ್ಟರ್ 90 ಮೈಕ್ರಾನ್ ಫೋಕಸ್ ತಪ್ಪಿದ್ರೆ, ಎಫ್/6ನಲ್ಲಿ ಒಂದು ಚುಕ್ಕಿ 15 ಮೈಕ್ರಾನ್ ಅಗಲಕ್ಕೆ ಹರಡುತ್ತೆ. 3.76 ಮೈಕ್ರಾನ್ ಪಿಕ್ಸೆಲ್ ಇರೋ ಕ್ಯಾಮೆರಾದಲ್ಲಿ ಅದು 4 ಪಿಕ್ಸೆಲ್. ಪ್ರತಿ ನಕ್ಷತ್ರದ ಸುತ್ತಲೂ ನೀಲಿ ಅಂಚು. ನಕ್ಷತ್ರದ ಪಕ್ಕದ ಯಾವ ನೀಲಿ ಧೂಳಿಂದು, ಯಾವ ನೀಲಿ ನಮ್ಮ ಸೋಮಾರಿತನದ್ದು? ಫೋಟೋ ನೋಡಿ ಹೇಳೋಕಾಗಲ್ಲ. 'ಎಐ ಶಾರ್ಪನಿಂಗ್ ಇದೆಯಲ್ಲ' ಅನ್ನೋರಿಗೆ ಇದೇ ನನ್ನ ತಕರಾರು. ಅದು ಅಂಚನ್ನ ಚೊಕ್ಕ ಮಾಡುತ್ತೆ ಹೌದು, ಆದರೆ ಅಲ್ಲಿ ನಿಜವಾಗಿ ಏನಿತ್ತು ಅನ್ನೋದು ಅದಕ್ಕೂ ಗೊತ್ತಿಲ್ಲ. ನೋಡೋಕೆ ಚೆಂದ ಇದ್ರೆ ಸಾಕು ಅಂದ್ರೆ ರಾತ್ರಿಯಿಡೀ ಚಳಿಯಲ್ಲಿ ಯಾಕ್ ಕೂರಬೇಕು, ವಾಲ್‌ಪೇಪರ್ ಡೌನ್‌ಲೋಡ್ ಮಾಡ್ಕೊಂಡ್ರೆ ಆಗಲ್ವಾ?

ಸೀನಿಯರ್‌ಗಳ ಆಕ್ಷೇಪಣೆಯಲ್ಲೂ ಹುರುಳಿದೆ. ನಮಗೆ ಸಿಗೋ ಕತ್ತಲ ರಾತ್ರಿಗಳೇ ಕಮ್ಮಿ. ಮಳೆಗಾಲ ಇಡೀ ಹೋಯ್ತು, ಚಳಿಗಾಲದ ಅಮಾವಾಸ್ಯೆಗೆ ಸರಿಯಾಗಿ ಇಂಟರ್ನಲ್ಸ್ ಬಂದು ಕೂತ್ಕೊಳ್ಳುತ್ತೆ. ಆ ಟೈಮಲ್ಲಿ ಪ್ರತಿ ಫಿಲ್ಟರ್‌ಗೂ ಫೋಕಸ್ ಅಂತ ನಿಮಿಷ ಕಳೆಯೋದು ಹೊಟ್ಟೆ ಉರಿಸುತ್ತೆ. ಮೋಟಾರ್ ಬೇಕಾಗಿರೋದು ಇದಕ್ಕೇ. ಒಂದು ರಾತ್ರಿ ಕೂತು ಪ್ರತಿ ಫಿಲ್ಟರ್‌ಗೂ ಐದಾರು ಸಲ ಆಟೋಫೋಕಸ್ ಮಾಡಿ, ಒಂದಕ್ಕೂ ಇನ್ನೊಂದಕ್ಕೂ ಎಷ್ಟು ಸ್ಟೆಪ್ ವ್ಯತ್ಯಾಸ ಅಂತ ಸರಾಸರಿ ತೆಗೆದಿಟ್ರೆ ಅದೇ ಆಫ್‌ಸೆಟ್. ನೀನಾ ಥರದ ಉಚಿತ ಸಾಫ್ಟ್‌ವೇರ್‌ಗೆ ಆ ಸಂಖ್ಯೆ ಕೊಟ್ರೆ, ಮುಂದೆ ಫಿಲ್ಟರ್ ತಿರುಗಿದಾಗಲೆಲ್ಲ ಮೋಟಾರ್ ತಾನೇ ಅಷ್ಟು ಜರುಗುತ್ತೆ.

ಆಫ್‌ಸೆಟ್ ಇದ್ರೂ ರಾತ್ರಿಯಿಡೀ ನಿದ್ದೆ ಹೊಡೆಯೋ ಹಾಗಿಲ್ಲ. ಅರ್ಧ ಮೀಟರ್ ಅಲ್ಯೂಮಿನಿಯಂ ಟ್ಯೂಬ್ ಒಂದು ಡಿಗ್ರಿ ತಣ್ಣಗಾದ್ರೆ ಸುಮಾರು 11.5 ಮೈಕ್ರಾನ್ ಕುಗ್ಗುತ್ತೆ. ಸಂಜೆಯಿಂದ ಬೆಳಗಿನ ಜಾವಕ್ಕೆ 8 ಡಿಗ್ರಿ ಇಳಿದ್ರೆ 92. ಮೇಲಿನ 44ರ ಪಕ್ಕ ಇಟ್ಟು ನೋಡಿ. ಲೆನ್ಸೂ ತಣ್ಣಗಾಗೋದರಿಂದ ನಿಜವಾದ ಲೆಕ್ಕ ಬೇರೆ ಬರುತ್ತೆ, ಆದ್ರೆ ತಾಸಿಗೊಮ್ಮೆ ಫೋಕಸ್ ನೋಡೋದು ತಪ್ಪಲ್ಲ.

ಮೋಟಾರ್ ಬರೋವರೆಗೆ ಬಹ್ತಿನೊವ್ ಮಾಸ್ಕ್ ಇದೆ. ರಷ್ಯಾದ ಹವ್ಯಾಸಿ ಪಾವೆಲ್ ಬಹ್ತಿನೊವ್ 2005ರಲ್ಲಿ ಮಾಡಿದ್ದು. ಟೆಲಿಸ್ಕೋಪ್ ಬಾಯಿಗೆ ಆ ಜಾಲರಿ ಇಟ್ರೆ ಪ್ರಕಾಶಮಾನ ನಕ್ಷತ್ರದಿಂದ ಮೂರು ಗೆರೆ ಬರ್ತವೆ, ನಡುವಿನದು ಸರಿಯಾಗಿ ಮಧ್ಯಕ್ಕೆ ಬಂದ್ರೆ ಫೋಕಸ್ ಆಯ್ತು. ತ್ರೀಡಿ ಪ್ರಿಂಟರ್ ಇರೋ ಕಾಲೇಜಲ್ಲಿ ಇದನ್ನ ದುಡ್ಡು ಕೊಟ್ಟು ತಗೊಳ್ಳೋದು ನಾಚಿಕೆಗೇಡು. ಕೈಯಲ್ಲೇ ಫೋಕಸ್ ಮಾಡೋದಾದ್ರೆ ಫಿಲ್ಟರ್ ಪದೇಪದೇ ಬದಲಿಸದೆ ಒಂದೊಂದರಲ್ಲಿ ಹತ್ತಿಪ್ಪತ್ತು ಫ್ರೇಮ್ ಒಟ್ಟಿಗೆ ಮುಗಿಸಿ. ನೀಲಿಯನ್ನ ಮಾತ್ರ ವಸ್ತು ನೆತ್ತಿಗೆ ಬಂದಾಗ ತೆಗೀರಿ, ಕೆಳಗಿದ್ದಾಗ ವಾತಾವರಣ ನೀಲಿಯನ್ನೇ ಜಾಸ್ತಿ ತಿನ್ನುತ್ತೆ.

ಅಂದಹಾಗೆ ಆಫ್‌ಸೆಟ್ ಅಳೆಯೋಕೆ ಕತ್ತಲ ರಾತ್ರಿ ಬೇಕಾಗಿಲ್ಲ, ಬೆಟ್ಟಕ್ಕೂ ಹೋಗಬೇಕಾಗಿಲ್ಲ. ನಕ್ಷತ್ರ ಕಂಡ್ರೆ ಸಾಕು. ಹುಣ್ಣಿಮೆ ದಿನ ಹೇಗೂ ಗ್ಯಾಲಕ್ಸಿ ಸಿಗಲ್ಲ, ಅವತ್ತು ಹಾಸ್ಟೆಲ್ ಟೆರೇಸ್ ಮೇಲೇ ಮಾಡಬಹುದು. ಫಂಡ್ ಮೀಟಿಂಗ್‌ನಲ್ಲಿ ಮೋಟಾರ್ ಪಾಸ್ ಆದ್ರೆ, ವಾರ್ಡನ್ ಹತ್ರ ಹೋಗಿ ಟೆರೇಸ್ ಕೀ ಕೇಳೋ ಕೆಲಸ ನಂದು.