ತಿದ್ದದೆ ಕೇಳಿದ ಕಥೆಗಳು

ಮಕ್ಕಳೇ, ಅವರ ಅಜ್ಜ-ಅಜ್ಜಿಯರೇ, ಈ ವಾರ ಪುಸ್ತಕದ ಮಾತಿಗೆ ಮೊದಲು ನನ್ನದೊಂದು ತಪ್ಪು ಒಪ್ಪಿಕೊಳ್ಳಬೇಕು.

ನಾನು ಮಧುಗಿರಿಯವನು. ಏಕಶಿಲಾ ಬೆಟ್ಟಕ್ಕೆ ಬಿಸಿಲು ಏರುವ ಮೊದಲೇ ಜಗಲಿಗೆ ಕುರ್ಚಿ ಹಾಕಿಕೊಂಡು ಇಪ್ಪತ್ತು ಪುಟ ಓದುವುದು ನನ್ನ ಹಳೇ ಅಭ್ಯಾಸ. ಮೇಷ್ಟ್ರಾಗಿ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ನಾಲ್ಕೂ ತಾಲ್ಲೂಕು ತಿರುಗಿದ್ದೇನೆ. ಆಗ ಬಸ್ಸಿನಲ್ಲೇ ಓದು, ಬಸ್ ಟಿಕೆಟ್ಟೇ ಪುಟದ ಗುರುತು. ಈಗಲೂ ಹಳೇ ಪುಸ್ತಕ ಬಿಚ್ಚಿದರೆ ಬರಗೂರಿನ ಟಿಕೆಟ್ಟೊಂದು ಉದುರುತ್ತದೆ. ಶಿರಾ ತಾಲ್ಲೂಕಿನ ಬರಗೂರು ಗೊತ್ತಲ್ಲ? ಸಾಹಿತಿ ಬರಗೂರು ರಾಮಚಂದ್ರಪ್ಪನವರ ಊರು.

ನನ್ನ ಮಗಳನ್ನು ಪಾವಗಡಕ್ಕೆ ಕೊಟ್ಟಿದ್ದೇವೆ. ಅಲ್ಲಿ ಸುತ್ತ ಮೂರು ಕಡೆ ಆಂಧ್ರ. ಮೊಮ್ಮಗಳಿಗೆ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಆರನೇ ತರಗತಿಯ ಈ ಹುಡುಗಿ ಬೇಸಿಗೆ ರಜೆಗೆ ಬಂದಾಗ ಎದುರಿಗೆ ಕೂರಿಸಿಕೊಂಡು ಗಟ್ಟಿಯಾಗಿ ಓದಿಸಿದೆ. 'ಹಣತೆ'ಯನ್ನು 'ಅಣತೆ' ಎಂದಳು, ತಿದ್ದಿದೆ. 'ಆಸೆ'ಯನ್ನು 'ಹಾಸೆ' ಎಂದಳು, ತಿದ್ದಿದೆ. ಮೂರನೇ ದಿನ ಪುಸ್ತಕ ಮುಚ್ಚಿಟ್ಟು, "ತಾತ, ಶಾಲೆಯಲ್ಲೂ ನಗ್ತಾರೆ, ನೀನೂ ಹಿಂಗೇ ಮಾಡ್ತೀಯ. ನಾನು ಓದಲ್ಲ" ಎಂದಳು. ದಸರಾ ರಜೆಗೆ ಬಂದವಳು ಪುಸ್ತಕದ ಬೀರು ಕಡೆ ತಿರುಗಿಯೂ ನೋಡಲಿಲ್ಲ. ಮೂವತ್ತು ವರ್ಷ ಪಾಠ ಹೇಳಿದವನು ಸ್ವಂತ ಮೊಮ್ಮಗಳ ಓದು ಬಿಡಿಸಿದ್ದೆ!

ಅದೇ ರಜೆಯಲ್ಲಿ ನನ್ನ ಕಣ್ಣಿನ ಪೊರೆ ತೆಗೆದರು. ಕೆಲವು ದಿನ ಓದು ಬೇಡ ಎಂದರು. ಓದದೆ ನನಗೆ ಬೆಳಗಾಗುವುದಿಲ್ಲ. ಎರಡನೇ ದಿನ ಸುಮ್ಮನೆ ಕೂತಿದ್ದೆ. ಪಕ್ಕದಲ್ಲಿ ಬಂದು ಕೂತಳು. "ಓದಲಾ ತಾತ? ತಿದ್ದಬಾರದು ಮತ್ತೆ" ಎಂದಳು. ತಿದ್ದಲು ಪುಟ ನನಗೆ ಕಾಣಬೇಕಲ್ಲ!

ಮೊದಲು ಅವಳು ಆರಿಸಿದ್ದು 'ಛೂಮಂತ್ರಯ್ಯನ ಕಥೆಗಳು'. ನಮ್ಮ ಜಿಲ್ಲೆಯವರೇ ಆದ ಕೃಷ್ಣಮೂರ್ತಿ ಬಿಳಿಗೆರೆಯವರದು. 2024ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಬಂದ ಪುಸ್ತಕ. ಮೊದಲ ಕಥೆಯಲ್ಲಿ ತಡವರಿಸಿದಳು. ನಾನು ತುಟಿ ಬಿಗಿ ಹಿಡಿದು ಕೂತೆ. ಮೂರನೆಯದಕ್ಕೆ ಬರುವಷ್ಟರಲ್ಲಿ ಅವಳ ದನಿಯೇ ಬದಲಾಗಿತ್ತು. ನಗು ಬಂದಲ್ಲಿ ಓದು ನಿಲ್ಲಿಸಿ ನಕ್ಕಳು, ಆಮೇಲೆ ಆ ಸಾಲನ್ನು ನನಗಾಗಿ ಇನ್ನೊಮ್ಮೆ ಓದಿದಳು. ಕಥೆ ಕಿವಿಗೆ ಬೀಳುವಾಗ ಅಕಾರ-ಹಕಾರ ಯಾರಿಗೆ ನೆನಪಿರುತ್ತದೆ?

ಆಮೇಲೆ ನನ್ನ ಸರದಿ ಎಂದು ವಸುಧೇಂದ್ರರ 'ತೇಜೋ ತುಂಗಭದ್ರಾ' ಕೊಟ್ಟೆ. 2019ರ ಕಾದಂಬರಿ. ಪೋರ್ಚುಗಲ್ಲಿನ ಲಿಸ್ಬನ್ ಪಕ್ಕದ ತೇಜೋ ನದಿ, ನಮ್ಮ ವಿಜಯನಗರದ ತುಂಗಭದ್ರೆ, ಎರಡರ ದಡದ ಬದುಕು ಅದರಲ್ಲಿದೆ. ಪರದೇಶದ ಹೆಸರುಗಳು ಮೊದಮೊದಲು ನಾಲಿಗೆಗೆ ತೊಡಕು. ಹಿರಿಯರೇ, ಐವತ್ತು ಪುಟ ತಾಳಿಕೊಳ್ಳಿ, ಆಮೇಲೆ ಅದೇ ಕೈಹಿಡಿದು ನಡೆಸುತ್ತದೆ. ಇದು ದೊಡ್ಡವರ ಪುಸ್ತಕ, ಕ್ರೌರ್ಯವೂ ಇದೆ. ಹಾಗಾಗಿ ಮೊದಲ ಕೆಲವು ಪುಟ ಮಾತ್ರ ಓದಿಸಿದೆ. ಅಷ್ಟಕ್ಕೇ ಅವಳು ಕೇಳಿದಳು: "ನಮ್ಮ ಜಯಮಂಗಲಿ ನದಿ ಮೇಲೆ ಯಾಕೆ ಇಂಥ ಪುಸ್ತಕ ಇಲ್ಲ ತಾತ?" ದೇವರಾಯನದುರ್ಗದಲ್ಲಿ ಹುಟ್ಟಿ, ಕೊರಟಗೆರೆ, ಮಧುಗಿರಿ ಸೀಮೆ ದಾಟಿ ಉತ್ತರ ಪಿನಾಕಿನಿ ಸೇರುವ ನದಿ ಅದು. ವರ್ಷದಲ್ಲಿ ಬಹುಪಾಲು ಬರೀ ಮರಳು. "ನೀನೇ ಬರಿ" ಎಂದೆ. ನೋಟ್‌ಬುಕ್ಕಿನ ಒಂದು ಹಾಳೆ ಆಗಲೇ ತುಂಬಿದೆ. ನನಗೆ ತೋರಿಸಿಲ್ಲ. ಕೇಳಿಯೂ ಇಲ್ಲ.

ಕಣ್ಣು ಸರಿಹೋದ ಮೇಲೆ ನಾನೇ ಓದಿದ್ದು ಬಾನು ಮುಷ್ತಾಕ್ ಅವರ ಕಥೆಗಳನ್ನು. ಹಾಸನದ ಈ ಲೇಖಕಿಯ ಹನ್ನೆರಡು ಕಥೆಗಳನ್ನು ದೀಪಾ ಭಾಸ್ತಿ 'ಹಾರ್ಟ್ ಲ್ಯಾಂಪ್' ಎಂದು ಇಂಗ್ಲಿಷಿಗೆ ತಂದರು. 2025ರ ಮೇ ತಿಂಗಳಲ್ಲಿ ಅದಕ್ಕೆ ಅಂತರರಾಷ್ಟ್ರೀಯ ಬೂಕರ್ ಬಂತು. ಕನ್ನಡಕ್ಕೆ ಇದೇ ಮೊದಲು. ಹೆಂಡತಿ-ತಾಯಿ ನಡುವೆ ಸಿಕ್ಕಿಬಿದ್ದ ಮಗ ತಾಯಿಗೇ ಗಂಡು ಹುಡುಕಲು ಹೊರಡುವ ಕಥೆಯೊಂದಿದೆ. ನಗುತ್ತಾ ಓದಲು ತೊಡಗಿದವನು ಕೊನೆಗೆ ಪುಸ್ತಕ ಮಡಿಲಲ್ಲಿಟ್ಟು ಸುಮ್ಮನೆ ಕೂತೆ. ಮಕ್ಕಳೇ, ಇವು ನೀವು ದೊಡ್ಡವರಾದ ಮೇಲೆ ಓದುವ ಕಥೆಗಳು. ಅಜ್ಜಿಯರು ಮಾತ್ರ ಕಾಯುವುದು ಬೇಡ, ಈಗಲೇ ಓದಿ.

ಪುಸ್ತಕ ಕೊಳ್ಳಲು ದುಡ್ಡೆಲ್ಲಿ ಎನ್ನುವವರಿಗೆ ಒಂದು ಮಾತು. 2020ರಲ್ಲಿ 'ಓದುವ ಬೆಳಕು' ಎಂಬ ಕಾರ್ಯಕ್ರಮ ಶುರುವಾಗಿ, ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಸದಸ್ಯತ್ವ ಉಚಿತವಾಯಿತು. ನಿಮ್ಮೂರಿನದಕ್ಕೆ ಒಮ್ಮೆ ಹೋಗಿ ಬನ್ನಿ.

ಇನ್ನು ಈ ವಾರದ ಮನೆಗೆಲಸ. ಭಾನುವಾರ ಹತ್ತು ನಿಮಿಷ ಮೊಮ್ಮಕ್ಕಳು ಗಟ್ಟಿಯಾಗಿ ಓದಬೇಕು, ಅಜ್ಜ-ಅಜ್ಜಿ ಕಣ್ಣು ಮುಚ್ಚಿ ಕೇಳಬೇಕು. ನಿಯಮ ಒಂದೇ, ನಮ್ಮ ಮನೆಯಲ್ಲಿ ಈಗ ಜಾರಿಯಲ್ಲಿರುವುದು: ಕೇಳುವವರು ತಿದ್ದಬಾರದು. ಯಾವ ಪುಸ್ತಕ ಓದಿದಿರಿ ಎಂದು ಒಂದು ಕಾರ್ಡು ಬರೆಯಿರಿ. ಅದರಲ್ಲಿ ಕಾಗುಣಿತ ತಪ್ಪಿದ್ದರೂ ನಾನು ತಿದ್ದುವುದಿಲ್ಲ!